ಎಲ್ಲ ಕೆಲಸಕ್ಕೂ ಒಂದೇ ಕಂಪ್ಯೂಟರ್: ಪ್ರೊಸೆಸರ್ ಆರಿಸುವಾಗ ಏನು ನೋಡಬೇಕು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಮನೆಗೊಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು ಎಂದರೆ ಮೊದಲು ಬರುವ ಪ್ರಶ್ನೆ ಒಂದೇ: "ಐ3 ಬೇಕಾ, ಐ5 ಬೇಕಾ, ಐ7 ಬೇಕಾ?" ಇವು ಇಂಟೆಲ್ ಕಂಪನಿಯ ಪ್ರೊಸೆಸರುಗಳ (ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪುಗಳ) ದರ್ಜೆಗಳು. ಈ ಪ್ರಶ್ನೆಗೆ ಉತ್ತರ ಕೊಡಲು ಹೋಗಬೇಡಿ. ಪ್ರೊಸೆಸರಿನ ಪೂರ್ತಿ ನಂಬರ್ ಕೇಳಿ. 2011ರ ಐ7-2600 ಕೂಡ ಐ7. 2022ರ ಐ3-12100 ಬರೀ ಐ3. ಎರಡರಲ್ಲೂ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಆದರೆ ಯಾವ ಕೆಲಸ ಕೊಟ್ಟರೂ ಈ ಐ3 ಆ ಐ7 ಅನ್ನು ಬಹಳ ಹಿಂದೆ ಬಿಡುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಯಾವುದೋ ಆಫೀಸಿನ ಹಳೇ ಯಂತ್ರದಿಂದ ಕಳಚಿದ ಐ7 ಚಿಪ್ಪನ್ನು ಎಚ್61 ಎಂಬ ಅಗ್ಗದ ಹಳೆಯ ಬಗೆಯ ಮದರ್‌ಬೋರ್ಡಿನ ಮೇಲೆ ಕೂರಿಸಿ, ಹೊಸ ಕ್ಯಾಬಿನೆಟ್ಟಿಗೆ ಹಾಕಿ, ಬಣ್ಣದ ದೀಪದ ಫ್ಯಾನ್ ಸಿಕ್ಕಿಸಿ "ಹೊಸ ಐ7 ಕಂಪ್ಯೂಟರ್" ಎಂದು ಮಾರುವುದು ಇನ್ನೂ ನಿಂತಿಲ್ಲ. ಒಂದೆರಡು ಅಪವಾದ ಬಿಟ್ಟರೆ ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮೇಲೆ, ಯೂಟ್ಯೂಬ್ ಈಗ ವಿಡಿಯೋ ಕಳಿಸುವ ವಿಪಿ9, ಎವಿ1 ಎಂಬ ಬಗೆಗಳನ್ನು ಬಿಡಿಸಿ ತೋರಿಸುವ ಯಂತ್ರಾಂಗ ಆ ಹಳೆಯ ಚಿಪ್ಪುಗಳಲ್ಲಿ ಇಲ್ಲವೇ ಇಲ್ಲ. ಎಲ್ಲ ಭಾರವೂ ಕೋರುಗಳ ಮೇಲೆ ಬೀಳುತ್ತದೆ. ಮಗು ಪಾಠದ ವಿಡಿಯೋ ನೋಡುತ್ತಿದ್ದರೂ ಫ್ಯಾನ್ ಭೋರಿಡುತ್ತದೆ.

ನಂಬರ್ ಓದುವುದು ಸುಲಭ. ಐ5-12400 ಎಂದರೆ 12ನೇ ತಲೆಮಾರು, ಆ ಸಾಲಿನಲ್ಲಿ 400ರ ದರ್ಜೆ. ಇಂಟೆಲ್‌ನ ಎದುರಾಳಿ ಎಎಂಡಿಯ ರೈಝನ್ 5 7600 ಎಂದರೆ 7000 ಸರಣಿ. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಅಕ್ಷರ. ಮನೆಯ ಕಂಪ್ಯೂಟರಿನಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಅಲ್ಲೇ.

ಇಂಟೆಲ್‌ನಲ್ಲಿ "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಐ5-12400ಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಎಂದು ತಂದು, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಕೆಟ್ಟುಹೋಗಿಲ್ಲ, ಚಿತ್ರ ಕೊಡುವ ಭಾಗವೇ ಅದರಲ್ಲಿಲ್ಲ. ಎಎಂಡಿಯ ಹಳೆಯ ಎಎಂ4 ಸಾಕೆಟ್ಟಿನಲ್ಲಿ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ನಿಯಮ ತಿರುಗುಮುರುಗು: "ಜಿ" ಅಕ್ಷರ ಇದ್ದರೆ ಮಾತ್ರ ಗ್ರಾಫಿಕ್ಸ್ ಇರುತ್ತದೆ. 5600ಜಿಯಲ್ಲಿ ಇದೆ, 5500, 5600, 5600ಎಕ್ಸ್‌ಗಳಲ್ಲಿ ಇಲ್ಲ. ಹೊಸ ಎಎಂ5 ಸಾಕೆಟ್ಟಿಗೆ ಬಂದ ಮೇಲೆ ಮತ್ತೆ ಬದಲು: 7600, 9600ಎಕ್ಸ್‌ಗಳಲ್ಲಿ ಮಾನಿಟರ್ ನಡೆಸುವಷ್ಟು ಸಣ್ಣ ಗ್ರಾಫಿಕ್ಸ್ ಇದೆ, 8600ಜಿಯಲ್ಲಿ ದೊಡ್ಡದೇ ಇದೆ, 7500ಎಫ್ ಮತ್ತು 8400ಎಫ್‌ಗಳಲ್ಲಿ ಇಲ್ಲ.

ಹಾಗಾಗಿ ಮೊದಲು ತೀರ್ಮಾನವಾಗಬೇಕಾದ್ದು ಐ3ಯೋ ಐ5ಓ ಅಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುತ್ತೀರಾ, ಇಲ್ಲವಾ, ಇಲ್ಲ ಎರಡು ವರ್ಷ ಬಿಟ್ಟು ಹಾಕಿಸುತ್ತೀರಾ ಎಂಬುದು. ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಆನ್‌ಲೈನ್ ಪಾಠ, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್, ನುಡಿಯಲ್ಲಿ ಪತ್ರ, ಟ್ಯಾಲಿ, ತೆರಿಗೆ ಸಲ್ಲಿಕೆ, ಫೋಟೋ ತಿದ್ದುವುದು, ಆಗೊಮ್ಮೆ ಈಗೊಮ್ಮೆ ವಿಡಿಯೋ ಕತ್ತರಿಸುವುದು: ಕಾರ್ಡ್ ಬೇಡ ಎನ್ನುವ ಮನೆಗೆ ಇಷ್ಟೇ ಕೆಲಸ. ಇವುಗಳಲ್ಲಿ ಬಹುಪಾಲು ಒಂದೆರಡು ಕೋರಿನ ವೇಗವನ್ನೇ ನಂಬಿರುತ್ತವೆ. 6 ಕೋರ್ ಧಾರಾಳ. ಇಂಥ ಮನೆಗೆ ಐ5-12400 ಕಣ್ಣುಮುಚ್ಚಿ ಹೇಳಬಹುದಾದ ಪ್ರೊಸೆಸರ್. 6 ಕೋರ್, 12 ಥ್ರೆಡ್, ಎಲ್ಲವೂ ಒಂದೇ ಬಗೆಯ ದೊಡ್ಡ ಕೋರುಗಳು. ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಆಟಕ್ಕೆ ನಿತ್ರಾಣ, ಆದರೆ ವಿಡಿಯೋಗೆ ಗಟ್ಟಿ: ಎವಿ1 ಬಿಡಿಸುತ್ತದೆ, ಈಚಿನ ಕ್ಯಾಮೆರಾಗಳು ತೆಗೆಯುವ ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್‌ಇವಿಸಿ ಎಂಬ ಬಗೆಯ ಫೈಲುಗಳನ್ನೂ ಬಿಡಿಸುತ್ತದೆ. ಎಎಂಡಿಯ 5600ಜಿ, 8600ಜಿಗಳ ಗ್ರಾಫಿಕ್ಸಿಗೆ ಈ 4:2:2 ಆಗುವುದಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಇದೊಂದೇ ಕಾರಣ ಸಾಕು. ಐ5-14400ರಲ್ಲಿ ಇದೇ 6 ಕೋರುಗಳ ಜೊತೆ 4 ಚಿಕ್ಕ ಕೋರ್ ಸೇರಿವೆ. ಬೆಲೆಯ ಅಂತರ ಅಲ್ಪವಿದ್ದರೆ ಅದನ್ನೇ ಕೊಳ್ಳಿ; ಹೆಚ್ಚಿದ್ದರೆ ಆ ಹಣವನ್ನು 500 ಜಿಬಿ ಎಸ್‌ಎಸ್‌ಡಿಯ ಬದಲು 1 ಟಿಬಿ ಕೊಳ್ಳಲು ಹಾಕಿ, ಮನೆಯವರಿಗೆಲ್ಲ ಅದರ ಉಪಯೋಗ ಗೊತ್ತಾಗುತ್ತದೆ. ಬಜೆಟ್ ತೀರಾ ಬಿಗಿಯಿದ್ದರೆ ಐ3-12100 ಕೂಡ ಬರೀ ಆಫೀಸ್ ಕೆಲಸಕ್ಕೆ ಚೆನ್ನ.

ಕಾರ್ಡ್ ಇಲ್ಲದೆ ಮಕ್ಕಳು ಸಣ್ಣಪುಟ್ಟ ಆಟ ಆಡಬೇಕು ಎಂದಿದ್ದರೆ ರೈಝನ್ 5 8600ಜಿ. ಅದರ ರೇಡಿಯಾನ್ 760ಎಂ ಮುಂದೆ ಯುಎಚ್‌ಡಿ 730 ನಿಲ್ಲುವುದಿಲ್ಲ. 5600ಜಿ ಅಗ್ಗ, ಹಿಂದಿನ ತಲೆಮಾರಿನ ಡಿಡಿಆರ್4 ಮೆಮೊರಿ ಸಾಕು. ಆದರೆ ಅದರ ಹಳೆಯ ವೇಗಾ ಗ್ರಾಫಿಕ್ಸಿಗೆ ಎವಿ1 ಬರುವುದಿಲ್ಲ. 8500ಜಿ ಹೆಸರಿನಲ್ಲಿ 8600ಜಿಗೆ ಹತ್ತಿರ, ಸಾಮರ್ಥ್ಯದಲ್ಲಿ ಅಲ್ಲ: 6 ಕೋರುಗಳಲ್ಲಿ 2 ಮಾತ್ರ ಪೂರ್ಣ ವೇಗದವು, ಗ್ರಾಫಿಕ್ಸೂ ಸಣ್ಣದು, ಮುಂದೆ ಕಾರ್ಡ್ ಹಾಕಿದರೆ ಅದಕ್ಕೆ ಸಿಗುವುದು 4 ಲೇನ್ (ಡೇಟಾ ಓಡುವ ದಾರಿ) ಮಾತ್ರ.

ಈ "ಜಿ" ಪ್ರೊಸೆಸರುಗಳ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ 16 ಜಿಬಿಯ ಒಂದೇ ಮೆಮೊರಿ ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ಹಾಕಿಸಿ. ಒಂದು ಕಡ್ಡಿ ಎಂದರೆ ದಾರಿ ಅರ್ಧ ಮುಚ್ಚಿದಂತೆ, ಆಟದ ಫ್ರೇಮ್ ರೇಟ್ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆ. "ಮುಂದೆ ಇನ್ನೊಂದು ಕಡ್ಡಿ ಹಾಕಿಸಿದರಾಯ್ತು" ಎಂದು ಅಂಗಡಿಯವರು ಹೇಳುವ ಮಾತು ಇಲ್ಲಿ ನಷ್ಟದ ಮಾತು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟಿಗೆ ಹಾಕಬೇಕು. ಗ್ರಾಫಿಕ್ಸಿಗೆಂದು ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) 2 ಜಿಬಿ ಎತ್ತಿಟ್ಟರೆ ವಿಂಡೋಸಿನಲ್ಲಿ ಬಳಕೆಗೆ 16ರ ಬದಲು ಸುಮಾರು 14 ಕಾಣುತ್ತದೆ, ಗಾಬರಿ ಬೇಡ.

ಕಾರ್ಡ್ ಖಂಡಿತ ಹಾಕಿಸುತ್ತೇವೆ, ಇಂದಲ್ಲ ನಾಳೆ ಎನ್ನುವವರಿಗೆ ರೈಝನ್ 5 7600 ನನ್ನ ಆಯ್ಕೆ. ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32 ಎಂಬಿ ಇದೆ, 8600ಜಿಯಲ್ಲಿ 16 ಮಾತ್ರ. ಕಾರ್ಡ್ ಹಾಕಿ ಆಡುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕಾರ್ಡ್ ಬರುವವರೆಗೆ ಒಳಗಿನ ಸಣ್ಣ ಗ್ರಾಫಿಕ್ಸಿನಲ್ಲಿ ಮಾನಿಟರ್ ನಡೆಯುತ್ತದೆ. ಪೆಟ್ಟಿಗೆಯೊಳಗೆ ಕೂಲರ್ ಕೂಡ ಬರುತ್ತದೆ. 9600ಎಕ್ಸ್‌ನಲ್ಲಿ ಬರುವುದಿಲ್ಲ, ಅದರ ಖರ್ಚು ಬೇರೆ. ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಎಂದು ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ತಲೆಮಾರುಗಳಿಗೇ ಮುಗಿಯಿತು, 2024ರ ಕೋರ್ ಅಲ್ಟ್ರಾ 200 ಸರಣಿಗೆ ಸಾಕೆಟ್ ಬೇರೆ, ಬೋರ್ಡ್ ಬೇರೆ. ಒಮ್ಮೆ ಕೊಂಡು ಏಳೆಂಟು ವರ್ಷ ಮುಟ್ಟದೆ ಬಳಸುವ ಮನೆಗೆ ಇದು ದೊಡ್ಡ ವಿಷಯವಲ್ಲ. ನಡುವೆ ಪ್ರೊಸೆಸರ್ ಬದಲಿಸುವ ಆಸೆಯಿದ್ದವರಿಗೆ ಮಾತ್ರ ದೊಡ್ಡ ವಿಷಯ.

ಸೆಕೆಂಡ್ ಹ್ಯಾಂಡ್‌ನಲ್ಲಿ 13 ಮತ್ತು 14ನೇ ತಲೆಮಾರಿನ ಐ7, ಐ9 ಅಗ್ಗಕ್ಕೆ ಕಂಡರೂ ದೂರವಿರಿ. ಅವುಗಳಲ್ಲಿ ಹಲವು ಮಾದರಿಗಳು ಅತಿ ವೋಲ್ಟೇಜಿನಿಂದ ಸವೆದು ಅಸ್ಥಿರವಾಗುವುದನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಯಾಸ್ ಅಪ್‌ಡೇಟ್ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ. 12ನೇ ತಲೆಮಾರಿಗೆ ಈ ತೊಂದರೆ ಇಲ್ಲ.

ಬೆಲೆ ಹೋಲಿಸುವಾಗ ಪ್ರೊಸೆಸರ್ ಒಂದನ್ನೇ ಹಿಡಿದು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಪ್ರೊಸೆಸರ್, ಬೋರ್ಡ್, ರ್‍ಯಾಮ್ ಮೂರನ್ನೂ ಕೂಡಿಸಿ ನೋಡಬೇಕು. ಎಎಂ5ಕ್ಕೆ ಡಿಡಿಆರ್5 ಮಾತ್ರ. 12400ಕ್ಕೆ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. 2025ರ ಕೊನೆಯಿಂದ ಮೆಮೊರಿ ಬೆಲೆ ಏರುತ್ತಲೇ ಹೋದದ್ದರಿಂದ, ಹಳೆಯ ಕಂಪ್ಯೂಟರಿನಲ್ಲಿ ಒಳ್ಳೆಯ ಡಿಡಿಆರ್4 ಕಡ್ಡಿಗಳಿದ್ದರೆ ಅವನ್ನೇ ಉಳಿಸಿಕೊಂಡು ಡಿಡಿಆರ್4 ಬೋರ್ಡ್ ಕೊಳ್ಳುವುದು ಜಾಣತನ. 12400ಕ್ಕೆ 3200 ವೇಗದ ಡಿಡಿಆರ್4 ಸಾಕು. ಅದಕ್ಕಿಂತ ವೇಗದ್ದು ಕೊಂಡರೆ, ಹೆಸರಿನ ಕೊನೆಗೆ "ಕೆ" ಇಲ್ಲದ ಇಂಟೆಲ್ ಪ್ರೊಸೆಸರುಗಳಲ್ಲಿ ಮೆಮೊರಿ ಕಂಟ್ರೋಲರಿನ ವೋಲ್ಟೇಜ್ ಬದಲಿಸಲು ಬಾರದ್ದರಿಂದ ಎಷ್ಟೋ ಸಲ ಅದು ಪೂರ್ಣ ವೇಗಕ್ಕೆ ನಿಲ್ಲುವುದೇ ಇಲ್ಲ.

ಇಂಟೆಲ್ ಬೋರ್ಡುಗಳಲ್ಲಿ ಎಚ್610 ತೀರಾ ಅಗ್ಗ. ಅದರಲ್ಲಿ ಎಸ್‌ಎಸ್‌ಡಿಗೆ ಪ್ರೊಸೆಸರಿನಿಂದ ನೇರ ಲೇನ್ ಇಲ್ಲ, ಹಾಗಾಗಿ 4ನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದರೂ 3ನೇ ತಲೆಮಾರಿನ ವೇಗ. ಮನೆಗೆ ಅದು ನಡೆಯುತ್ತದೆ, ಆದರೆ ಸಾಧ್ಯವಾದರೆ ಬಿ660 ಇಲ್ಲವೇ ಬಿ760 ಕೊಳ್ಳಿ. ಎಎಂ5ರಲ್ಲಿ ಎ620 ಕೂಡ 7600ಕ್ಕೆ ಸಾಕು.

ಬಯಾಸ್ ವಿಷಯ ಅಂಗಡಿಯಲ್ಲೇ ಮುಗಿಸಿ. ಬೋರ್ಡ್ ಹಳೆಯ ಸ್ಟಾಕ್ ಆಗಿದ್ದು ಪ್ರೊಸೆಸರ್ ಅದಕ್ಕಿಂತ ಹೊಸದಾಗಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕತ್ತಲೆ. ಎಚ್610ಗೆ 14400, ಮೊದಲ ಕಂತಿನ ಬಿ650ಗೆ 8600ಜಿ ಅಥವಾ 9600ಎಕ್ಸ್, ಹಳೆಯ ಬಿ450ಗೆ 5600ಜಿ ಹಾಕುವಾಗ ಇದು ಆಗುತ್ತದೆ. ಬೋರ್ಡಿನ ಹಿಂದೆ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ಪೆನ್‌ಡ್ರೈವ್‌ನಿಂದ ಮನೆಯಲ್ಲೇ ಮಾಡಬಹುದು. ಇಲ್ಲದಿದ್ದರೆ ಹಣ ಕೊಡುವ ಮೊದಲೇ ಅಪ್‌ಡೇಟ್ ಮಾಡಿಸಿ, ಮಾನಿಟರಿನಲ್ಲಿ ಬಯಾಸ್ ಪುಟ ನೋಡಿಕೊಂಡು ಬನ್ನಿ.

ಕೂರಿಸುವಾಗ ಆಗುವ ಹಾನಿಗೆ ವಾರಂಟಿ ಸಿಗುವುದಿಲ್ಲ, ಆದ್ದರಿಂದ ನಿಧಾನ ಮಾಡಿ. ಎಲ್‌ಜಿಎ1700, ಎಎಂ5ರಲ್ಲಿ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ, ಕೂದಲೆಳೆಯಂಥವು. ಪ್ರೊಸೆಸರನ್ನು ಅಂಚು ಹಿಡಿದು, ತ್ರಿಕೋನದ ಗುರುತನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಮೇಲಿನಿಂದ ಇಳಿಸಿ, ಒತ್ತಬೇಡಿ, ಜಾರಿಸಬೇಡಿ. ಸಾಕೆಟ್ಟಿನ ಲಿವರ್ ಮುಚ್ಚುವಾಗ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಕಳಚಿ ಬರುತ್ತದೆ. ಅದನ್ನು ಎಸೆಯಬೇಡಿ, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಪಿನ್ ಕಾಯಲು ಬೇಕು. ಎಎಂ4ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ತಣ್ಣಗಿರುವಾಗ ಕೂಲರನ್ನು ನೇರ ಮೇಲಕ್ಕೆಳೆದರೆ ನಡುವೆ ಅಂಟಿದ, ಶಾಖ ಸಾಗಿಸುವ ಪೇಸ್ಟಿನ ಜೊತೆ ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗುತ್ತದೆ. ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆರಿಸಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲಿಸಿ ಆಮೇಲೆ ಎತ್ತಿ.

ಇಂಟೆಲ್ ಕೂಲರಿನ ನಾಲ್ಕು ಪುಶ್‌ಪಿನ್‌ಗಳನ್ನು ಎದುರುಬದುರು ಮೂಲೆಯಂತೆ ಒತ್ತಿ, ಬೋರ್ಡಿನ ಹಿಂಬದಿ ತಿರುಗಿಸಿ ನಾಲ್ಕೂ ಪೂರ್ತಿ ಹೊರಬಂದಿವೆಯೇ ನೋಡಿ. ಒಂದು ಸಡಿಲವಿದ್ದರೂ ಕೆಲಸ ಹೆಚ್ಚಾದ ಕೂಡಲೇ ಪ್ರೊಸೆಸರ್ 100 ಡಿಗ್ರಿ ಮುಟ್ಟಬಹುದು. 7600ರ ಜೊತೆ ಬರುವ ಕೂಲರಿಗೆ ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು, ಹಿಂದಿನ ಲೋಹದ ಹಲಗೆ ಅಲ್ಲೇ ಇರಲಿ. ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬರುವ ಹೊಸ ಕೂಲರಿನ ಅಡಿಯಲ್ಲಿ ಪೇಸ್ಟ್ ಬಳಿದೇ ಬರುತ್ತದೆ, ಅದರ ಮೇಲೆ ಮತ್ತೆ ಹಾಕಬೇಡಿ.

ಮೊದಲ ಸಲ ಹಚ್ಚಿದಾಗ ಚಿತ್ರ ಬರದಿದ್ದರೆ ಎಸ್‌ಎಂಪಿಎಸ್‌ನಿಂದ (ಕರೆಂಟ್ ಕೊಡುವ ಪೆಟ್ಟಿಗೆ) ಪ್ರೊಸೆಸರಿನ ಪಕ್ಕಕ್ಕೆ ಬರುವ 8 ಪಿನ್ನಿನ ವೈರ್ ಸಿಕ್ಕಿಸಿದ್ದೀರಾ ನೋಡಿ. 24 ಪಿನ್ನಿನದನ್ನು ಮಾತ್ರ ಹಾಕಿ ಇದನ್ನು ಮರೆಯುವವರು ಬಹಳ. ಎಎಂ5 ಆಗಿದ್ದರೆ ಕಾಯಿರಿ: ಮೊದಲ ಬಾರಿ ಮೆಮೊರಿಯನ್ನು ಪರೀಕ್ಷಿಸಿಕೊಳ್ಳಲು ಅದು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಚಿತ್ರ ಬಂದ ಮೇಲೆ ಬಯಾಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಪೂರ್ಣ ವೇಗಕ್ಕೆ ತರುವ ಆಯ್ಕೆ) ಹಚ್ಚಿ, ಇಲ್ಲದಿದ್ದರೆ ವೇಗದ ರ್‍ಯಾಮಿಗೆ ಕೊಟ್ಟ ಹಣ ದಂಡ. ಮನೆಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಬಳಸುವ ವಿದ್ಯಾರ್ಥಿ ಇದ್ದರೆ ಎಎಂಡಿ ಬೋರ್ಡಿನಲ್ಲಿ ಎಸ್‌ವಿಎಂ ಎಂಬುದನ್ನೂ ಹಚ್ಚಿ, ಅದು ಆಫ್ ಇದ್ದರೆ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಏಳುವುದಿಲ್ಲ.

ಕಲಬುರಗಿ, ರಾಯಚೂರಿನ ಬೇಸಿಗೆಗೆ ಒಂದು ಮಾತು. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. 12400ರ ಮೇಲೆ ಬರೆದಿರುವ 65 ವ್ಯಾಟ್ ನಿರಂತರ ಕೆಲಸದ ಲೆಕ್ಕ. ಸ್ವಲ್ಪ ಹೊತ್ತಿಗೆ ಅದು 117 ವ್ಯಾಟ್‌ವರೆಗೆ ಹೋಗಬಹುದು. 40 ಡಿಗ್ರಿಯ ಕೋಣೆಯಲ್ಲಿ ಬಯಾಸಿನ ಪವರ್ ಲಿಮಿಟ್ ಎರಡನ್ನೂ 65ಕ್ಕೆ ಕಟ್ಟಿಹಾಕಿದರೆ ದಿನದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಫ್ಯಾನ್ ಸದ್ದು ಇಳಿಯುತ್ತದೆ. ಎಎಂಡಿಯಲ್ಲಿ ಇದಕ್ಕೇ ಇಕೋ ಮೋಡ್ ಇದೆ. ಕರೆಂಟ್ ಹೋಗಿಬಂದು ಮಾಡುವ ಊರಿನಲ್ಲಿ ಕಾರ್ಡಿಲ್ಲದ ಇಂಥ ಕಂಪ್ಯೂಟರ್ ಮಾನಿಟರಿನ ಸಮೇತ 600 ವಿಎ ಯುಪಿಎಸ್ ಮೇಲೆ ನಿರಾಳವಾಗಿ ನಿಲ್ಲುತ್ತದೆ, ಏಕೆಂದರೆ ಆ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ದೊಡ್ಡ ಕಾರ್ಡ್ ಹಾಕಿದ ದಿನ ಯುಪಿಎಸ್ಸೂ ಬದಲಾಗಬೇಕು.

ಕೊಳ್ಳುವಾಗ ಮೊಹರು ಒಡೆಯದ ಪೆಟ್ಟಿಗೆಯ ಪ್ರೊಸೆಸರನ್ನೇ ಕೇಳಿ, ಅದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇರುತ್ತದೆ. ಟ್ರೇ ಎಂದು ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರು ಕೊಟ್ಟಷ್ಟೇ ವಾರಂಟಿ. ಜಿಎಸ್‌ಟಿ ಬಿಲ್ಲಿನಲ್ಲಿ "ಐ5 ಕಂಪ್ಯೂಟರ್ 1" ಎಂದು ಬರೆಸಿಕೊಳ್ಳಬೇಡಿ. ಪ್ರತಿ ಭಾಗದ ಪೂರ್ತಿ ಮಾದರಿ ಸಂಖ್ಯೆ ಮತ್ತು ಸೀರಿಯಲ್ ನಂಬರ್ ಬೇರೆಬೇರೆ ಸಾಲಿನಲ್ಲಿರಲಿ. ಪ್ರೊಸೆಸರಿನ ಸೀರಿಯಲ್ ನಂಬರ್ ಇರುವ ಪೆಟ್ಟಿಗೆಯ ಚೀಟಿಯನ್ನು ಫೋಟೋ ತೆಗೆದಿಡಿ. ಕೂಲರ್ ಕೂತ ಮೇಲೆ ಚಿಪ್ಪಿನ ಮೇಲೆ ಬರೆದದ್ದು ಕಾಣುವುದಿಲ್ಲ.