ನೀವು ಯಾವ ಪಠ್ಯದ ಪರ ಮೇಷ್ಟ್ರೇ?

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡ್ತೀನಿ ಅಂತ ಗೊತ್ತಾದರೆ ಸಾಕು, ಜನ ಇದೇ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬಿಡಲ್ಲ.

2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ ಶಾಲಾ ಪಠ್ಯಪುಸ್ತಕ ಬಂತು, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯದು. ಮರುವರ್ಷ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಟೀವಿಯವರಿಗೆ ಇದು ಎಡ-ಬಲದ ಜಗಳ. ನಮಗೇನು ಅಭಿಪ್ರಾಯ ಇಲ್ವಾ? ಇದೆ, ಸ್ಟಾಫ್ ರೂಮಿನಲ್ಲಿ ಜೋರಾಗಿಯೇ ವಾದ ಆಗುತ್ತೆ. ಆದರೆ ಬೆಲ್ ಹೊಡೆದ ಮೇಲೆ ನಮ್ಮ ತಲೆಬಿಸಿಯೇ ಬೇರೆ.

2023ರಲ್ಲಿ 10ನೇ ತರಗತಿಗೆ ಏನಾಯಿತು ನೋಡಿ. ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಪಾಠ ತೆಗೆದು ಶಿವಕೋಟ್ಯಾಚಾರ್ಯರ ಸುಕುಮಾರಸ್ವಾಮಿಯ ಕಥೆ ಹಾಕಿದರು. ಪೇಪರಿನಲ್ಲಿ ಅದು ಒಂದು ಸಾಲಿನ ಸುದ್ದಿ. ತೆಗೆದದ್ದು ಇವತ್ತಿನ ಕನ್ನಡದ ಭಾಷಣ, ಒಮ್ಮೆ ಓದಿಸಿದರೆ ಮಕ್ಕಳಿಗೆ ತಿಳಿಯುತ್ತೆ. ಬಂದದ್ದು ಸುಮಾರು ಸಾವಿರ ವರ್ಷ ಹಿಂದಿನ ಜೈನ ಕಥೆಗಳ ಪುಸ್ತಕ ವಡ್ಡಾರಾಧನೆಯ ಹಳಗನ್ನಡ ಗದ್ಯ. 'ಹೋಗಿ' ಅನ್ನೋದನ್ನ ಅಲ್ಲಿರುವಂತೆ 'ಪೋಗಿ' ಅಂತ ಓದಿದರೆ ಹಿಂದಿನ ಬೆಂಚಿನಿಂದ "ಸಾರ್, ಇದು ತಮಿಳಾ?" ಅಂತ ಬರುತ್ತೆ. ಅವರನ್ನು ನಗಿಸಿ, ಸಾಲು ಬಿಡಿಸಿ, ಜೈನರಲ್ಲಿ ಸಲ್ಲೇಖನ, ಅಂದರೆ ಊಟ ಬಿಟ್ಟು ಪ್ರಾಣ ತ್ಯಜಿಸುವ ವ್ರತ, ಏನು ಅಂತ ಹೇಳಿ, ಆಮೇಲೆ ಕಥೆಗೆ ಬರುವಷ್ಟರಲ್ಲಿ ಎಷ್ಟು ಪೀರಿಯಡ್ ಬೇಕು ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ?

ರಾಜ್ಯದ ಸಚಿವ ಸಂಪುಟ ಇದನ್ನು ತೀರ್ಮಾನಿಸಿದ್ದು ಜೂನ್ 15ಕ್ಕೆ. ಅಷ್ಟರಲ್ಲಿ ಶಾಲೆ ಶುರುವಾಗಿತ್ತು, ಪುಸ್ತಕ ಅಚ್ಚಾಗಿ ಹೋಗಿತ್ತು. ಹೊಸ ಪಾಠಗಳು ಪೂರಕ ಪುಸ್ತಕದಲ್ಲಿ ಬಂದವು. ಆಗ ಪಾಠ ಯೋಜನೆ ತಿದ್ದಬೇಕು, ವರ್ಷದ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ. ಪ್ರಥಮ ಭಾಷೆಗೆ ಆಗ 125 ಅಂಕ, ಹಳಗನ್ನಡ ನೋಡಿದರೇ ಹೆದರುವ ಮಕ್ಕಳಿಗೆ ಅದು ಸುಮ್ನೆ ಮಾತಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣಲ್ಲ. ಭಾಷೆಯ ಪಾಠ ಕೈಗೆ ಹತ್ತೋಕೆ ಎರಡು ಮೂರು ವರ್ಷ ಬೇಕು. ಎಲ್ಲಿ ನಿಲ್ಲಿಸಿ ಓದಬೇಕು, ಮಕ್ಕಳು ಯಾವ ಪದಕ್ಕೆ ತಡವರಿಸುತ್ತಾರೆ, ಯಾವ ಸಾಲಿಗೆ ಕ್ಲಾಸು ಗಪ್ಪಾಗುತ್ತೆ, ಇದೆಲ್ಲ ಮಾಡ್ತಾ ಮಾಡ್ತಾ ಗೊತ್ತಾಗುವಂಥದ್ದು. ಅಷ್ಟರಲ್ಲಿ ಪಾಠವೇ ಹೋಗಿರುತ್ತೆ!

ಹಾಗಂತ ಬದಲಾವಣೆಯೇ ಬೇಡ ಅನ್ನೋನಲ್ಲ ನಾನು. ನಿಜ ಹೇಳಬೇಕಂದ್ರೆ ಸುಕುಮಾರನ ಕಥೆ ನನಗೆ ಜಾಸ್ತಿ ಇಷ್ಟ. ಆದರೆ ಅದನ್ನು ಏಪ್ರಿಲ್‌ನಲ್ಲೇ ಕೊಡಿ, ಬೇಸಿಗೆ ರಜೆಯಲ್ಲಿ ಓದಿಕೊಳ್ತೀವಿ. ಸಮಿತಿಯಲ್ಲಿ ದಿನಾ ಪಾಠ ಮಾಡುವ ಹೈಸ್ಕೂಲ್ ಮೇಷ್ಟ್ರು ಇನ್ನೂ ನಾಲ್ಕು ಜನ ಇರಲಿ. ಅಂಥ ಪಠ್ಯ ಯಾರು ತಂದರೂ ನಾನು ಅದರ ಪರ.