ಇಲ್ಲಿ ನಾನು ಕ್ಷೇಮ

ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ಗೆ ನಾನು ಮಗಳೊಂದಿಗೆ ಹೋದದ್ದು ರಣಭೂಮಿಯನ್ನು ನೋಡಲೆಂದು. ಉತ್ತರದ ಒಕ್ಕೂಟಕ್ಕೂ ಅದರಿಂದ ಬೇರೆಯಾದ ದಕ್ಷಿಣದ ಗುಲಾಮಗಿರಿಯ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ನಡೆದ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು 51,000 ಮಂದಿ ಸತ್ತರು, ಗಾಯಗೊಂಡರು, ಸೆರೆಸಿಕ್ಕರು ಇಲ್ಲವೇ ಕಾಣೆಯಾದರು. ಫಿರಂಗಿಗಳ ಸಾಲು, ಕಲ್ಲಿನ ಬೇಲಿಗಳು, ಕುದುರೆಯೇರಿದ ಸೇನಾಪತಿಗಳ ಪ್ರತಿಮೆಗಳು ಇವನ್ನೆಲ್ಲ ನೋಡುವುದರಲ್ಲಿ ಮೊದಲ ದಿನ ಕಳೆಯಿತು. ಅದರ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ನನ್ನ ಕಾಲು ನಿಂತದ್ದು ಊರೊಳಗಿನ ಸ್ಟ್ರಾಟನ್ ಬೀದಿಯಲ್ಲಿ, ಸಾಮಾನ್ಯ ಸೈನಿಕನೊಬ್ಬನಿಗಾಗಿ 1993ರಲ್ಲಿ ನಿಲ್ಲಿಸಿದ ಪುಟ್ಟ ಸ್ಮಾರಕದ ಎದುರು.

ಅವನ ಹೆಸರು ಏಮಸ್ ಹಮಿಸ್ಟನ್, ನ್ಯೂಯಾರ್ಕಿನ 154ನೆಯ ಪದಾತಿ ದಳದ ಸಾರ್ಜೆಂಟ್. ಕಾಳಗದ ಮೊದಲ ದಿನವೇ ಸತ್ತ. ಶವದ ಮೇಲೆ ಹೆಸರಿನ ಗುರುತು ಯಾವುದೂ ಇರಲಿಲ್ಲ. ಇದ್ದದ್ದು ಗಾಜಿನ ಮೇಲೆ ತೆಗೆದ, ಮೂವರು ಮಕ್ಕಳ ಒಂದು ಚಿತ್ರ. ಅದನ್ನು ಹೆಂಡತಿ ಆ ವರ್ಷ ಕಾಗದದೊಡನೆ ಕಳಿಸಿದ್ದಳು. ನೀನು ಬೇರೆ ಏನನ್ನು ಕಳಿಸಿದ್ದರೂ ನನಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ ಎಂದು ಅವನು ಉತ್ತರ ಬರೆದಿದ್ದ. ಪತ್ರಿಕೆಗಳು ಆಗ ಫೋಟೊ ಅಚ್ಚುಹಾಕುವಂತಿರಲಿಲ್ಲವಾದ್ದರಿಂದ, ಫಿಲಡೆಲ್ಫಿಯಾದ ಪತ್ರಿಕೆಯೊಂದು ಅಕ್ಟೋಬರ್‌ನಲ್ಲಿ ಆ ಚಿತ್ರವನ್ನು ಮಾತಿನಲ್ಲೇ ವರ್ಣಿಸಿತು: ನಡುವೆ ಎತ್ತರದ ಕುರ್ಚಿಯಲ್ಲಿ ಕಿರಿಯ ಹುಡುಗ, ಎರಡು ಬದಿಗೆ ಅಣ್ಣ ಮತ್ತು ಅಕ್ಕ, ಅಣ್ಣನ ಅಂಗಿ ಮತ್ತು ಅಕ್ಕನ ಲಂಗ ಒಂದೇ ಬಟ್ಟೆಯವು. ಒಂದೇ ತಾನಿನಿಂದ ಇಬ್ಬರು ಮಕ್ಕಳಿಗೆ ಹೊಲಿಸುವ ಮನೆಯಲ್ಲಿ ಬೆಳೆದವನು ನಾನು. ಬಹಳ ದಿನಗಳಿಂದ ಗಂಡನ ಕಾಗದ ಕಾಣದಿದ್ದ ಫಿಲಿಂಡಾ, ಪೋರ್ಟ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆ ವರ್ಣನೆಯನ್ನು ಓದಿ ತಾನು ವಿಧವೆಯಾದದ್ದನ್ನು ತಿಳಿದಳು.

ಇಂಥ ಕಾಗದಗಳನ್ನು ಕಣ್ಣಾರೆ ಕಾಣಬೇಕೆನ್ನಿಸಿ, ಮರುದಿನ ಹತ್ತಿರದ ಒಂದು ಪತ್ರಾಗಾರಕ್ಕೆ ಹೋದೆವು. ನನ್ನಂತೆ ಹೋಗುವವರಿಗೆ ಒಂದು ಮಾತು. ಬೇಕಾದ ಕಾಗದಗಳಿರುವ ಪೆಟ್ಟಿಗೆಯ ಸಂಖ್ಯೆಯನ್ನು ಕೆಲವು ದಿನ ಮೊದಲೇ ಇಮೇಲ್ ಮಾಡಿ ತಿಳಿಸಬೇಕು. ಅವರ ಜಾಲತಾಣದಲ್ಲಿ ಅದು ಸ್ಪಷ್ಟವಾಗಿರಲಿಲ್ಲ. ಬಾಗಿಲಲ್ಲಿದ್ದವರು ಬೆಳಿಗ್ಗೆ ಮೂರು ಗಂಟೆಗಳ ಕಾಲ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಆಮೇಲೆ ಇಂದು ಸಾಧ್ಯವಿಲ್ಲ ಎಂದರು. ಹತ್ತು ಗಂಟೆಗೇ ಹೇಳಿದ್ದರೆ ನಾವು ಬೇರೆ ದಾರಿ ನೋಡುತ್ತಿದ್ದೆವು; ಇಷ್ಟು ದಿನಗಳ ಮೇಲೂ ಆ ಬೇಸರ ಹೋಗಿಲ್ಲ. ಕೊನೆಗೆ ಒಳಗಿನಿಂದ ಬಂದ ಹಿರಿಯ ಗ್ರಂಥಪಾಲಕಿಯೊಬ್ಬರು ನಮ್ಮ ಮುಖ ನೋಡಿ ಒಂದು ಪೆಟ್ಟಿಗೆಯನ್ನು ತರಿಸಿದರು. ಪೆನ್ನನ್ನು ಹೊರಗಿಟ್ಟು, ಪೆನ್ಸಿಲ್ ಮಾತ್ರ ಒಯ್ಯಬೇಕು.

ಮೊದಲ ಹಾಳೆ, ಸೈನಿಕನೊಬ್ಬನ ಕಾಗದ, ಅಂಗೈಗಿಂತ ಸ್ವಲ್ಪ ದೊಡ್ಡದು. ಶಾಯಿ ಕಂದಾಗಿತ್ತು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಹಾದುಹೋಗುವಂತೆ ಮತ್ತೆ ಬರೆದಿದ್ದ. ಮಗಳು ಓದಿ ಹೇಳುವವರೆಗೆ ಅದು ನನಗೆ ಚಾಪೆಯ ಹೆಣಿಗೆಯಂತೆ ಕಂಡಿತು. ಉಚ್ಚರಿಸಿದಂತೆ ಬರೆದ ಕಾಗುಣಿತ, ಪೂರ್ಣವಿರಾಮವೇ ಇಲ್ಲ. ಯುದ್ಧದ ಸುದ್ದಿ ಎರಡೇ ಸಾಲು; ಉಳಿದದ್ದು ಭೇದಿ, ಕಾಲುಚೀಲ, ತಿಂಗಳ 13 ಡಾಲರ್ ಸಂಬಳ ಇನ್ನೂ ಕೈಸೇರದ ಚಿಂತೆ. ಆ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಬಲಿಯಾದವರೇ ಹೆಚ್ಚು ಎಂಬುದನ್ನು ಈ ಕಾಗದಗಳು ತಾವಾಗಿಯೇ ಹೇಳುತ್ತವೆ. ಮೇಜರ್ ಸಲಿವನ್ ಬಲ್ಲೂ 1861ರಲ್ಲಿ ಹೆಂಡತಿಗೆ ಬರೆದ ಪ್ರಸಿದ್ಧ ಪತ್ರ ಬಹಳ ಸುಂದರವಾಗಿದೆ, ಆದರೆ ಅದು ಮಾತು ಬಲ್ಲ ವಕೀಲನ ಪತ್ರ. ನನಗೆ ಈ ಕಾಲುಚೀಲದ ಕಾಗದವೇ ಹೆಚ್ಚು.

ನನ್ನನ್ನು ತಡೆದದ್ದು ಅದರ ಮೊದಲ ಸಾಲು. ಲೇಖನಿಯನ್ನು ಕೈಗೆತ್ತಿಕೊಂಡು ಈ ನಾಲ್ಕು ಸಾಲು ಬರೆಯುತ್ತಿದ್ದೇನೆ, ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಎರಡನೆಯ ಕಾಗದವೂ ಹೀಗೆಯೇ ಶುರುವಾಯಿತು, ಮೂರನೆಯದೂ ಹಾಗೆಯೇ.

“ಎಲ್ಲರೂ ಹೀಗೆಯೇ ಬರೆಯುತ್ತಿದ್ದರು, ಉತ್ತರದವರೂ ದಕ್ಷಿಣದವರೂ,” ಎಂದರು ಗ್ರಂಥಪಾಲಕಿ. “ನಿಮ್ಮ ಭಾಷೆಯಲ್ಲಿ ಕಾಗದ ಹೇಗೆ ಶುರುವಾಗುತ್ತದೆ?”

1971ರಲ್ಲಿ ಸೈನ್ಯದಲ್ಲಿದ್ದ ನನ್ನ ತಂದೆಯವರ ಇನ್‌ಲ್ಯಾಂಡ್ ಪತ್ರಗಳ ಸಾಲನ್ನೇ ಹೇಳಿದೆ: ‘ಇಲ್ಲಿ ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರುವುದು.’ ಮಗಳು ಅರ್ಥ ಬಿಡಿಸಿ ಹೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಿಂದ ಬರೆಯುತ್ತಿದ್ದರು?” ಎಂದು ಕೇಳಿದರು. ಅದು ನಮಗೂ ಗೊತ್ತಿರಲಿಲ್ಲ, ವಿಳಾಸದಲ್ಲಿ 56 ಎ.ಪಿ.ಒ. ಎಂಬ ಸೈನ್ಯದ ಅಂಚೆ ಕಚೇರಿಯ ಹೆಸರಷ್ಟೇ ಇರುತ್ತಿತ್ತು ಎಂದೆ. ಅಂತರ್ಯುದ್ಧದ ಈ ಕಾಗದಗಳಲ್ಲಿ ಬಿಡಾರದ ಊರು ತಾರೀಖಿನೊಡನೆ ತಲೆಯಲ್ಲೇ ಇದೆ. ಆಗ ಸೈನಿಕರ ಕಾಗದಗಳನ್ನು ತೆರೆದು ಓದಿ ಅಳಿಸುವ ಪದ್ಧತಿ ಇನ್ನೂ ನೆಲೆಗೊಂಡಿರಲಿಲ್ಲ. ಮೂರು ಸೆಂಟಿನ ಅಂಚೆಚೀಟಿ ಇಲ್ಲದ ಉತ್ತರದ ಸೈನಿಕ ಲಕೋಟೆಯ ಮೇಲೆ ‘ಸೈನಿಕನ ಪತ್ರ’ ಎಂದು ಬರೆಸಿ ಕಳಿಸಬಹುದಿತ್ತು, ಹಣವನ್ನು ಮನೆಯವರು ಕೊಡುತ್ತಿದ್ದರು. ನಮ್ಮಲ್ಲಿ ಬೇರಿಂಗ್ ಕಾಗದ ಎನ್ನುತ್ತೇವೆ ಎಂದಾಗ ಅವರು ಆ ಪದವನ್ನು ಬರೆದುಕೊಂಡರು.

ಆಮೇಲೆ ಅವರು ತಮ್ಮ ಕಂಪ್ಯೂಟರಿನಲ್ಲಿ ಇನ್ನೊಂದು ಪತ್ರದ ಪ್ರತಿಯನ್ನು ತೋರಿಸಿದರು. ಸ್ಪಾಟ್ಸ್‌ವುಡ್ ರೈಸ್ ಗುಲಾಮಗಿರಿಯಿಂದ ಬಿಡಿಸಿಕೊಂಡು ಒಕ್ಕೂಟದ ಸೈನ್ಯ ಸೇರಿದ ಕಪ್ಪು ಸೈನಿಕ. ಅವನ ರಾಜ್ಯ ಮಿಸ್ಸೌರಿ ಒಕ್ಕೂಟದಲ್ಲೇ ಉಳಿದಿದ್ದರೂ ಅಲ್ಲಿ ಗುಲಾಮಗಿರಿ ಇನ್ನೂ ಕಾನೂನಾಗಿತ್ತು, ಅವನ ಹೆಣ್ಣುಮಕ್ಕಳು ಇನ್ನೂ ಗುಲಾಮರಾಗಿದ್ದರು. 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನ ಸೈನಿಕ ಆಸ್ಪತ್ರೆಯಿಂದ ಅವನು ಮಕ್ಕಳಿಗೆ ಬರೆದ ಕಾಗದವೂ ಲೇಖನಿಯನ್ನು ಕೈಗೆತ್ತಿಕೊಂಡೇ ಆರಂಭವಾಗುತ್ತದೆ. ಆದರೆ ಮುಂದೆ ಕ್ಷೇಮದ ಮಾತಿಲ್ಲ. ನಾನು ನಿಮ್ಮನ್ನು ಮರೆತಿಲ್ಲ ಎಂದು ತಿಳಿಸಲು ಬರೆಯುತ್ತಿದ್ದೇನೆ ಎನ್ನುತ್ತಾನೆ. ನಾನು ನಿಮ್ಮನ್ನು ಕದಿಯಲು ನೋಡಿದೆನೆಂದು ಒಡತಿ ದೂರುತ್ತಾಳೆ, ಆದರೆ ತನ್ನದೇ ರಕ್ತಮಾಂಸವನ್ನು ಮನುಷ್ಯ ಕದಿಯಬೇಕಾಗಿ ಬರಲೆಂದು ದೇವರು ಎಂದೂ ಬಯಸಿರಲಿಲ್ಲ ಎನ್ನುತ್ತಾನೆ. ಒಡತಿಗೂ ಬೇರೆಯೇ ಒಂದು ಕಾಗದ ಬರೆದ: ನನ್ನ ಮಗಳನ್ನು ನನ್ನಿಂದ ದೂರವಿಟ್ಟಷ್ಟು ಕಾಲವೂ ನೀನು ನರಕದಲ್ಲಿ ಬೇಯಬೇಕಾಗುತ್ತದೆ.

ಒಡತಿಯ ಅಣ್ಣತಮ್ಮಂದಿರಲ್ಲೊಬ್ಬ ಮಿಸ್ಸೌರಿಯ ಗ್ಲಾಸ್ಗೋ ಎಂಬ ಊರಿನ ಪೋಸ್ಟ್‌ಮಾಸ್ಟರ್. ಅವನು ಎರಡೂ ಕಾಗದಗಳನ್ನು ಸೇನಾಧಿಕಾರಿಗೆ ದೂರಿನೊಡನೆ ಕಳಿಸಿದ. ಹೆಣ್ಣುಮಕ್ಕಳಿಗೆ ಬರೆದ ಕಾಗದ ಹೀಗೆ ಸರಕಾರಿ ಕಡತ ಸೇರಿ, ಇಂದಿಗೂ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಯುದ್ಧದ ನಂತರ ಕುಟುಂಬ ಒಂದಾಯಿತು. ಮಗಳು ಮೇರಿ 1937ರಲ್ಲಿ, ತನ್ನ 85ನೆಯ ವಯಸ್ಸಿನಲ್ಲಿ, ಮನೆಗೆ ಬಂದ ಸಂದರ್ಶಕರಿಗೆ ತಂದೆಯ ಕಥೆಯನ್ನು ಹೇಳಿದಳು.

ನಾಲ್ಕು ಗಂಟೆಗೆ ಓದುವ ಕೋಣೆ ಮುಚ್ಚಿದರು. ಕಾರಿನಲ್ಲಿ ಬಹಳ ದೂರ ಬಂದ ಮೇಲೆ ಮಗಳು, “ಅಪ್ಪಾ, ತಾತನ ಕಾಗದಗಳು ಈಗ ಎಲ್ಲಿವೆ?” ಎಂದು ಕೇಳಿದಳು. ಊರಿನ ಮನೆಯ ಅಟ್ಟದಲ್ಲಿ, ಅಮ್ಮನ ಟ್ರಂಕಿನೊಳಗೆ, ಧಾರೆ ಸೀರೆಯ ಮಡಿಕೆಯಲ್ಲಿ ಎಂದೆ.