‘ಆ ಅಯಸ್ಕಾಂತದ ಚಿಕಿತ್ಸೆ ಇಲ್ಲೇ ಹತ್ತಿರ ಎಲ್ಲಾದರೂ ಸಿಗುತ್ತಾ?’

ನಮ್ಮ ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಸಿಕ್ಕವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು ದನಿ ತಗ್ಗಿಸಿ ಕೇಳುವುದು ಇದನ್ನೇ. ಮನೆಯಲ್ಲಿ ಯಾರಿಗೋ ಖಿನ್ನತೆ ಇದೆ, ಮಾತ್ರೆಗೆ ಬಗ್ಗಿಲ್ಲ ಅಂತ ಅರ್ಥ. ಕಳೆದ ವಾರ ಕೇಳಿದವನು ನನ್ನ ಭಾವ, ಅವನ ತಂಗಿಗಾಗಿ.

ನನಗೆ ಸಿಕ್ಕಿದ್ದು ಮಂಗಳೂರಿನಲ್ಲಿ. ಆದರೆ ಕಿಲೋಮೀಟರ್ ಲೆಕ್ಕ ಹಾಕಬೇಡಿ. ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತದಿಂದ ಮೆದುಳನ್ನು ತಟ್ಟುವ ಈ ಚಿಕಿತ್ಸೆಗೆ ಡಾಕ್ಟರುಗಳು ಟಿಎಂಎಸ್ ಅನ್ನುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನ, 4ರಿಂದ 6 ವಾರ. ಅಷ್ಟು ದಿನ ತಪ್ಪದೆ ಹೋಗಿಬರಲು ಆಗುವ ಜಾಗವೇ ಹತ್ತಿರದ್ದು. ಹಾಸಿಗೆಯಿಂದ ಏಳಲೇ ಆಗದವನು ದಿನಾ ಬೆಳಿಗ್ಗೆ ರೈಲು ಹಿಡಿಯಬೇಕಲ್ವಾ? ನನ್ನನ್ನು ಎಬ್ಬಿಸಿ, ಅಂಗಿ ಕೊಟ್ಟು, ಸ್ಟೇಷನ್ನಿಗೆ ಎಳೆದುಕೊಂಡು ಹೋದವನು ತಮ್ಮ. ನೇತ್ರಾವತಿ ಸೇತುವೆ ಬಂದಾಗ "ಅಣ್ಣ, ನೀರು ನೋಡು" ಅನ್ನುತ್ತಿದ್ದ. ಮೊದಲ ಮೂರು ವಾರ ನಾನು ನೋಡಲಿಲ್ಲ.

"ಶಾಕ್ ಕೊಟ್ಟರಾ?" ಅಂತಲೂ ಕೇಳುತ್ತಾರೆ. ಇಲ್ಲ. ಶಾಕ್ ಚಿಕಿತ್ಸೆಗೆ ಅರಿವಳಿಕೆ ಬೇಕು, ಇದಕ್ಕೆ ಬೇಡ. ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಬಿರಡೆ ಹಾಕಿ, ತಲೆಯ ಹತ್ತಿರ ಒಂದು ಕಾಯಿಲ್ (ಆ ಮಿಡಿತ ಹೊಮ್ಮಿಸುವ ತಂತಿಯ ಸುರುಳಿ) ಹಿಡಿಯುತ್ತಾರೆ. ಮೊದಲ ದಿನ ಎಷ್ಟು ಜೋರು ಬೇಕು ಅಂತ ಅಳೆಯುತ್ತಾರೆ. ಕಾಯಿಲ್ ಎಡಗಡೆ ಟಕ್ ಅಂದರೆ ಬಲಗೈ ಹೆಬ್ಬೆರಳು ತಾನಾಗಿಯೇ ಜಿಗಿಯಿತು. ನನ್ನದೇ ಬೆರಳು, ನಾನು ಆಡಿಸಿದ್ದಲ್ಲ! ಆಮೇಲೆ ಕಾಯಿಲನ್ನು ಸ್ವಲ್ಪ ಮುಂದಕ್ಕೆ, ಹಣೆಯ ಕಡೆಗೆ ಸರಿಸಿದರು. 4 ಸೆಕೆಂಡ್ ಮರಕುಟಿಗ ಕುಟ್ಟಿದ ಹಾಗೆ, 26 ಸೆಕೆಂಡ್ ಸುಮ್ನೆ. ಹೀಗೆ ಮೂವತ್ತೇಳು ನಿಮಿಷ. ಮೂರೇ ನಿಮಿಷದ ಬಗೆಯೂ ಇದೆ. ಅದೂ ಅಷ್ಟೇ ಕೆಲಸ ಮಾಡುತ್ತದೆ ಅಂತ 2018ರಲ್ಲಿ ಕೆನಡಾದ ಒಂದು ದೊಡ್ಡ ಅಧ್ಯಯನ ಹೇಳಿತು. ಮೂರು ನಿಮಿಷಕ್ಕಾಗಿ ಕುಂಬಳೆಯಿಂದ ಮಂಗಳೂರಿಗೆ ಹೋಗಿಬರುವುದು ಬೇರೆ ಮಾತು.

ನೆತ್ತಿ ಚುಚ್ಚುತ್ತದೆ, ತಲೆನೋವು ಬರಬಹುದು. ಅಪರೂಪಕ್ಕೆ ಫಿಟ್ಸ್ ಬರುವುದುಂಟು, ಹಿಂದೆ ಬಂದಿದ್ದರೆ ಮೊದಲೇ ಹೇಳಿ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಿವಿ ಕೇಳಿಸಲೆಂದು ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರಿಗೆ ಆಗುವುದಿಲ್ಲ.

ಮಂಗಳೂರಿಗೆ ಹೋಗುವ ಮೊದಲು ಬೇರೊಂದು ಕ್ಲಿನಿಕ್‌ಗೆ ಫೋನ್ ಮಾಡಿದ್ದೆ. ನನ್ನ ಮಾತ್ರೆ ಯಾವುದು ಅಂತ ಕೇಳುವ ಮೊದಲೇ ‘ಪ್ಯಾಕೇಜ್’ ರೇಟ್ ಹೇಳಿದರು. ಅಲ್ಲಿಗೆ ಹೋಗಲಿಲ್ಲ. ಕನಿಷ್ಠ ಎರಡು ಬಗೆಯ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ, ಒಂದೊಂದನ್ನು ಆರೆಂಟು ವಾರ ತಿಂದೂ ಪ್ರಯೋಜನ ಆಗದಿದ್ದರೆ ಮಾತ್ರ ಹಟಮಾರಿ ಖಿನ್ನತೆ ಅನ್ನುತ್ತಾರೆ. ಎಷ್ಟೋ ಸಲ ಹಟ ಖಿನ್ನತೆಯದ್ದಲ್ಲ, ಹತ್ತನೇ ದಿನಕ್ಕೆ ಮಾತ್ರೆ ಬಿಟ್ಟ ನಮ್ಮದು. ಥೈರಾಯ್ಡ್ ಕಡಿಮೆಯಾದರೂ ಹೀಗೆ ಆಗಬಹುದು, ಅದನ್ನು ನೋಡಿದ್ದಾರಾ ಅಂತಲೂ ಕೇಳಿ.

ಇನ್ನೊಂದು, ನಮ್ಮ ಗಡಿನಾಡಿನವರಿಗೆ ಮಾತ್ರ ಅರ್ಥವಾಗುವುದು. ಬಸ್ಸಿಗೆ, ಪಂಚಾಯತಿಗೆ ನನ್ನ ಮಲಯಾಳ ಧಾರಾಳ ಸಾಕು. ‘ಬೇಜಾರು’ ಅಂದರೆ ಏನು ಅಂತ ಬಿಡಿಸಿ ಹೇಳಲು ಸಾಕಾಗಲಿಲ್ಲ. ಕನ್ನಡವೋ ತುಳುವೋ ಗೊತ್ತಿರುವ ಡಾಕ್ಟರ್ ಸಿಕ್ಕರೆ ಐದು ಕಿಲೋಮೀಟರ್ ಜಾಸ್ತಿ ಹೋದರೂ ಅಡ್ಡಿಯಿಲ್ಲ.

ಸಾಯುವ ಯೋಚನೆ ಬರುತ್ತಿದ್ದರೆ, ಊಟ ಬಿಟ್ಟಿದ್ದರೆ ಈ ಹುಡುಕಾಟವೆಲ್ಲ ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿ ಶಾಕ್ ಚಿಕಿತ್ಸೆ ಬೇಕು ಅಂದರೆ ಹೆದರಬೇಡಿ, ಅದು ಟಿಎಂಎಸ್‌ಗಿಂತ ಬೇಗ ಕೆಲಸ ಮಾಡುತ್ತದೆ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ನನಗೆ ಗುಣವಾಯಿತಾ? ಎಲ್ಲರಿಗೂ ಆಗುವುದಿಲ್ಲ. ನನಗೆ ನಾಲ್ಕನೇ ವಾರ ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದಾಗ ಮೋಡ ಕವಿಯಿತು. ಯಾರೂ ಕರೆಯದೆ ಎದ್ದು ಹೋಗಿ ಬಾಚಿದೆ. ಅರ್ಧ ಬಾಚಿದ ಮೇಲೆ ಗೊತ್ತಾಯಿತು, ಎದ್ದಿದ್ದೇನೆ ಅಂತ. ಮಾತ್ರೆ ಈಗಲೂ ಇದೆ.

ಭಾವನಿಗೂ ಇಷ್ಟೇ ಹೇಳಿದೆ. ತಂಗಿಯ ಹಳೆಯ ಮಾತ್ರೆ ಚೀಟಿಗಳನ್ನು ಹುಡುಕಿ ತರಲು ಹೋಗಿದ್ದಾನೆ. ಪಂಚಾಂಗದೊಳಗೆ ಎರಡು ಸಿಕ್ಕಿವೆಯಂತೆ.